ಗುಲಾಬಿ ಕೆರೆಗೆ ನೀಲಿ ಬಳಿದವನು

ಪ್ರೆಸ್ಸಿನಲ್ಲಿ ಅವನನ್ನು ಎಲ್ಲರೂ ಬಣ್ಣದಯ್ಯ ಎಂದೇ ಕರೆಯುತ್ತಿದ್ದರು. ಫೋಟೋಗಳ ಬಣ್ಣ ತಿದ್ದಿ ಅಚ್ಚಿಗೆ ಕಳಿಸುವುದು ಅವನ ಕೆಲಸ. ಹಳೆಯ ಫಿಲ್ಮ್ ಕೆಟ್ಟರೆ ಮೊದಲು ನೀಲಿ ಸಾಯುತ್ತದೆ, ಕೆಂಪು ಮಾತ್ರ ಉಳಿಯುತ್ತದೆ. ಹಳೇ ಮದುವೆ ಆಲ್ಬಮ್ಮಿನಲ್ಲಿ ಗಂಡು ಹೆಣ್ಣು ಇಬ್ಬರೂ ಬಿಸಿಲಿಗೆ ಬೆಂದವರಂತೆ ಕೆಂಪಗೆ ಕೂತಿರುತ್ತಾರಲ್ಲ, ಹಾಗೆ. ಅಂಥ ಎಷ್ಟೋ ಮುಖಗಳಿಗೆ ಮತ್ತೆ ಮನುಷ್ಯರ ಬಣ್ಣ ತಂದವನು ಅವನು. ಕೆಂಪು ಹೆಚ್ಚಾಗಿದ್ದು ಕಂಡರೆ ಸಾಕು, ಕೈ ತಾನಾಗಿ ಇಳಿಸುತ್ತಿತ್ತು. ಅದೇ ಪಳಗಿದ ಕೈ ಅಕ್ಕನ ಒಂದೇ ಒಂದು ಪುಸ್ತಕಕ್ಕೆ ಕಲ್ಲು ಹಾಕಿತು.

ಅಕ್ಕ ಶಾಲೆಯಲ್ಲಿ ಭೂಗೋಳದ ಟೀಚರ್. ಮದುವೆ ಮಕ್ಕಳ ಗೋಜಿಗೆ ಹೋದವಳಲ್ಲ. ರಜೆ ಬಂತೆಂದರೆ ಕ್ಯಾಮೆರಾ ಹೆಗಲಿಗೇರಿಸಿ ಯಾವುದಾದರೊಂದು ವಿಚಿತ್ರ ಕೆರೆ ಹುಡುಕಿಕೊಂಡು ಹೊರಟುಬಿಡುತ್ತಿದ್ದಳು. ಹಬೆಯಾಡುತ್ತ ಕುದಿಯುವ ಕೆರೆ, ಮೇಲೆ ನಡೆದಾಡಬಹುದಾದ ಡಾಂಬರಿನ ಕೆರೆ, ಒಂದೇ ಬೆಟ್ಟದ ನೆತ್ತಿಯ ಮೇಲೆ ಅಕ್ಕಪಕ್ಕದಲ್ಲಿದ್ದೂ ಬೇರೆ ಬೇರೆ ಬಣ್ಣದ ಮೂರು ಕೆರೆಗಳು.

“ನೀರು ನೋಡೋಕೆ ಅಷ್ಟು ದೂರ ಹೋಗ್ಬೇಕಾ? ಮನೇಲಿ ನಲ್ಲಿ ಇಲ್ವಾ?” ಎಂದು ತಮ್ಮ ರೇಗಿಸುತ್ತಿದ್ದ.

“ನಿನ್ನ ನಲ್ಲಿ ಮೇಲೆ ನಡೆಯೋಕಾಗುತ್ತೇನೋ, ದಡ್ಡ?” ಎನ್ನುತ್ತಿದ್ದಳು ಅವಳು. ಪ್ರವಾಸದಿಂದ ಬಂದ ದಿನವೇ ಅವನನ್ನು ಕೂರಿಸಿಕೊಂಡು ಕೆರೆಯ ಕಥೆಯೆಲ್ಲ ಹೇಳುವಳು. ಇವನು ಪೇಪರ್ ಓದುತ್ತ ಹೂಂ ಹೂಂ ಎನ್ನುತ್ತಿದ್ದನೇ ಹೊರತು ಒಂದನ್ನೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆ ಹೂಂಗಳು ಈಗ ಅವನನ್ನು ಚುಚ್ಚುತ್ತವೆ.

ಆ ಕೆರೆಗಳ ಫೋಟೋ ಪುಸ್ತಕ ಇವನ ಪ್ರೆಸ್ಸಿಗೇ ಅಚ್ಚಿಗೆ ಬಂದಾಗ ಅಕ್ಕ ಕೇಳಿದ್ದಳು, “ಬಣ್ಣ ಹಾಕೋ ದಿನ ನಾನೂ ಬಂದು ಪಕ್ಕದಲ್ಲಿ ಕೂರಲೇನೋ?”

“ಯಾಕೆ, ತಮ್ಮನ ಮೇಲೆ ನಂಬಿಕೆ ಇಲ್ವಾ?” ಎಂದ ಇವನು. ಅವಳು ನಕ್ಕು, ಫಿಲ್ಮುಗಳ ಕಟ್ಟನ್ನು ಅವನ ಕೈಗಿಟ್ಟಳು.

ಒಂದು ಫಿಲ್ಮಿನಲ್ಲಿ ನೀರೆಲ್ಲ ಗುಲಾಬಿ. ಆಕಾಶವಿಲ್ಲ, ಗಿಡವಿಲ್ಲ, ಹೋಲಿಸಿ ನೋಡಲು ಏನೂ ಇಲ್ಲ. ಬರೀ ನೀರು, ದಡದಲ್ಲಿ ಅದೇ ಗುಲಾಬಿ ಹತ್ತಿದ ಉಪ್ಪು. ‘ಅಯ್ಯೋ, ಅಕ್ಕನ ಫಿಲ್ಮ್ ಕೆಟ್ಟುಹೋಗಿದೆ’ ಎಂದು ಮರುಗಿದ. ಭೂತಗನ್ನಡಿ ಹಿಡಿದು ಒಂದಿಡೀ ಬೆಳಗ್ಗೆ ಚುಕ್ಕೆ ಚುಕ್ಕೆಯಿಂದಲೂ ಕೆಂಪು ತೆಗೆದ. ಕೊನೆಗೆ ಎಂಥ ನೀಲಿ ಬಂತೆಂದರೆ, ಮಿಷಿನ್ ನಡೆಸುವವನು ಕೂಡ ಬಂದು ನೋಡಿ ಭುಜ ತಟ್ಟಿದ. ಅಕ್ಕ ಬರೆದ ವಿವರಣೆ ಬೇರೆ ಹಾಳೆಯಲ್ಲಿತ್ತು. ಬಣ್ಣ ನೋಡುವವನು ಅಕ್ಷರ ಓದುವುದಿಲ್ಲ, ಅದು ಅವನ ಕಸುಬಿನ ಜಂಭ.

ಪುಸ್ತಕ ಬಂತು. ನೀಲಿ ನೀರಿನ ಕೆಳಗೆ ‘ಜಗತ್ತಿನ ಅತಿ ಗುಲಾಬಿ ಕೆರೆ’ ಎಂದು ದಪ್ಪಕ್ಷರ. ಓದಿದವರು ಬಿದ್ದು ಬಿದ್ದು ನಕ್ಕರು. “ಟೀಚರಮ್ಮನಿಗೆ ಬಣ್ಣಗುರುಡು” ಎಂದು ಶಾಲೆಯ ಗೋಡೆಯ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಗೀಚಿದರು. ಗಣೇಶನ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ ತಮ್ಮ. ಅಕ್ಕ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕ್ಯಾಮೆರಾ ಎತ್ತಿ ಬೀರುವಿನಲ್ಲಿಟ್ಟವಳು ಮತ್ತೆ ತೆಗೆಯಲೇ ಇಲ್ಲ; ಅವನ ಮುಂದೆ ಕೆರೆಯ ಮಾತನ್ನೂ ಎತ್ತಲಿಲ್ಲ.

ಹನ್ನೆರಡು ವರ್ಷದ ಮೇಲೆ ಪ್ರಕಾಶಕರು ಮರುಮುದ್ರಣ ಮಾಡುತ್ತೇವೆಂದರು. ತಮ್ಮನಿಗೆ ಹೋದ ಜೀವ ಬಂದಂತಾಯಿತು. ಆದರೆ ತೆಗೆದು ನೋಡಿದರೆ ಆ ಫಿಲ್ಮಿಗೆ ಬೂಸ್ಟು ಹಿಡಿದಿತ್ತು. ಅಕ್ಕನಿಗೆ ಮಂಡಿನೋವು, ನಾಲ್ಕು ಮೆಟ್ಟಿಲು ಇಳಿಯುವುದೂ ಕಷ್ಟ.

“ನಾನು ಹೋಗಿ ಹೊಸ ಫೋಟೋ ತೆಗೆದುಕೊಂಡು ಬರ್ತೀನಿ ಅಕ್ಕಾ,” ಎಂದ. ಅಷ್ಟರಲ್ಲಿ ಅವನಿಗೆ ನಿವೃತ್ತಿಯೂ ಆಗಿತ್ತು. “ನಾನೇ ಹಾಳು ಮಾಡಿದ್ದು, ನಾನೇ ಸರಿ ಮಾಡ್ತೀನಿ.”

ಅಕ್ಕ ಬೀರುವಿನಿಂದ ಕ್ಯಾಮೆರಾ ತೆಗೆಸಿ ಕೊಟ್ಟಳು.

ಎರಡು ದಿನ ರೈಲು, ಅರ್ಧ ದಿನ ಬಸ್ಸು. ದಿಬ್ಬ ಹತ್ತಿ ನೋಡಿದರೆ ಕೆರೆ ನೀಲಿಯಾಗಿತ್ತು. ಅವನು ಬಳಿದಿದ್ದ ನೀಲಿಯೇ, ಒಂದು ಚುಕ್ಕೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ಉಪ್ಪು ತೆಗೆದು ರಾಶಿ ಹಾಕುತ್ತಿದ್ದ ಖಾಲಿ ಕಟ್ಟೆಯ ಮೇಲೆ ಒಬ್ಬ ಹೆಂಗಸು ಕೂತಿದ್ದಳು. “ಅಮ್ಮಾ, ಗುಲಾಬಿ ಕೆರೆ ಎಲ್ಲಿ?” ಎಂದು ಕೇಳಿದ.

“ಇದೇ ಅಣ್ಣಾ. ನೀವು ಬರೋದು ತಡ ಆಯ್ತು,” ಎಂದಳು ಅವಳು. “ನಾಲ್ಕು ವರ್ಷದ ಹಿಂದೆ ಕಾಲುವೆ ತಂದು ಇದಕ್ಕೆ ಬಿಟ್ರು. ಸಿಹಿನೀರು ಸೇರ್ತು, ಉಪ್ಪು ಸತ್ತೋಯ್ತು. ಉಪ್ಪು ಇದ್ರೆ ತಾನೇ ಆ ಬಣ್ಣ? ನಮ್ಮ ಕೆಲಸಾನೂ ಅದರ ಜೊತೆಗೇ ಹೋಯ್ತು.”

ಆದರೂ ಮೂರು ದಿನ ಕಾದ. ಬೆಳಗ್ಗೆ ನೋಡಿದ, ಮಟಮಟ ಮಧ್ಯಾಹ್ನ ನೋಡಿದ, ಸಂಜೆ ನೋಡಿದ. ನೀಲಿ. ಹಾಗೇ ಫೋಟೋ ತೆಗೆದುಕೊಂಡು ವಾಪಸು ಬಂದ.

ಮನೆಗೆ ಬಂದು, ಫಿಲ್ಮ್ ತೊಳೆಸಿ, ಫೋಟೋವನ್ನು ಕಂಪ್ಯೂಟರಿಗೆ ಹಾಕಿಕೊಂಡು ಕೂತ. ನೀರಿಗೆ ಗುಲಾಬಿ ತರುವುದು ಅವನಿಗೆ ಯಾವ ಮಹಾ ಕೆಲಸ? ಹತ್ತು ನಿಮಿಷದಲ್ಲಿ ತಂದ, ಯಾರು ನೋಡಿದರೂ ಗೊತ್ತಾಗದಷ್ಟು ಚೆನ್ನಾಗಿ. ನೋಡುತ್ತ ಕೂತವನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಅಳಿಸಿದ. ಕೆರೆ ಹೇಗಿದೆಯೋ ಹಾಗೇ ಅಚ್ಚು ಹಾಕಿಸಿ, ಅಕ್ಕನಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡುವುದೆಂದು ಹೊರಟ.

ಅಕ್ಕ ಕನ್ನಡಕ ಹಾಕಿಕೊಂಡು ಫೋಟೋ ನೋಡಿದಳು. ಮುಖ ಕೆಂಪಾಯಿತು.

“ಮತ್ತೆ ತಿದ್ದಿದ್ಯೇನೋ?” ಎಂದಳು. “ಅಷ್ಟು ದೂರ ಹೋಗಿ, ಕಣ್ಣಾರೆ ನೋಡಿ, ಮತ್ತೂ ತಿದ್ದಿದ್ಯಾ? ನಿನ್ನ ಕೈಗೆ ಬುದ್ಧಿ ಅನ್ನೋದೇ ಬರಲ್ವೇನೋ?”

“ಇಲ್ಲ ಅಕ್ಕಾ, ಈ ಸಲ...”

“ಬಾಯಿ ಮುಚ್ಚು! ಅಲ್ಲಿ ಗುಲಾಬಿಯಾಗೇ ಇತ್ತು ತಾನೇ? ನಿಜ ಹೇಳು. ಇತ್ತು ತಾನೇ?”

ಹನ್ನೆರಡು ವರ್ಷ ಬಾರದ ಬೈಗುಳ ಇವತ್ತು ಬಂದಿತ್ತು. ಆದರೆ ಕೊನೆಯ ಮಾತು ಬೈಗುಳವಾಗಿರಲಿಲ್ಲ, ಬೇಡಿಕೆಯಾಗಿತ್ತು. ಹೇಳಬೇಕೆಂದುಕೊಂಡು ಬಂದ ಮಾತನ್ನು ಅವನು ಕೈಬಿಟ್ಟ. ತಾನು ಮೂರ್ಖನೆನಿಸಿಕೊಂಡರೆ ಏನು ಹೋಗುತ್ತದೆ, ಕೆರೆ ಹೋಯಿತೆಂದು ಇವಳಿಗೆ ಹೇಗೆ ಹೇಳುವುದು?

“ಇತ್ತು ಅಕ್ಕಾ,” ಎಂದ. “ಗುಲಾಬಿಯಾಗೇ ಇತ್ತು. ಕೈ ಸುಮ್ಮನಿರಲಿಲ್ಲ, ತಪ್ಪಾಯ್ತು.”

“ದಡದ ಹತ್ರ ಹೇಗಿತ್ತು?”

ಅವನು ಕಣ್ಣು ಮುಚ್ಚಿ, ಅಂದು ಭೂತಗನ್ನಡಿಯಲ್ಲಿ ಕಂಡದ್ದನ್ನೆಲ್ಲ ಹೇಳಿದ. ದಡದ ಹತ್ತಿರ ತಿಳಿ, ನಡುವೆ ಗಾಢ, ಉಪ್ಪಿನ ಅಂಚಿಗೆ ಒಂದು ತೆಳ್ಳನೆಯ ಕೆಂಪು ಗೆರೆ. ತಾನು ಅಳಿಸಿದ್ದು ಒಂದೂ ಮರೆತಿರಲಿಲ್ಲ. ಅಕ್ಕ ಕೇಳುತ್ತ ಕೇಳುತ್ತ ಕಣ್ಣೊರೆಸಿಕೊಂಡಳು.

“ಹೌದು ಕಣೋ, ಹಾಗೇ ಇತ್ತು, ಥೇಟ್ ಹಾಗೇ!” ಎಂದು ಕುರ್ಚಿಯ ಕೈ ಹಿಡಿದು, ಉಸ್ಸೆನ್ನುತ್ತ ಎದ್ದು ನಿಂತಳು. “ನಿನ್ನ ನಂಬಿ ಕೂತ್ರೆ ಆಗೋದಲ್ಲ. ಮಂಡಿ ಹಾಳಾಗ್ಲಿ, ನಾನೇ ಬರ್ತೀನಿ. ಇವತ್ತೇ ಹೋಗಿ ಎರಡು ಟಿಕೆಟ್ ಮಾಡಿಸು.”