ಕತ್ತಿನ ನೆಟಿಗೆ

ತಮ್ಮನ ಸಲೂನಿನಲ್ಲಿ ಕ್ಷೌರ ಮುಗಿದ ಮೇಲೂ, ಕತ್ತಿನ ನೆಟಿಗೆ ತೆಗೆಯುವ ತನಕ ಅಣ್ಣ ಕುರ್ಚಿ ಬಿಟ್ಟೇಳುತ್ತಿರಲಿಲ್ಲ. ಗದ್ದಕ್ಕೊಂದು ಕೈ, ತಲೆಗೊಂದು ಕೈ ಕೊಟ್ಟು ತಮ್ಮ ಗಕ್ಕನೆ ತಿರುಗಿಸಬೇಕು. ಲಟಕ್ಕೆಂದರೆ, "ಹೋದ ಜೀವ ಬಂತು ಕಣೋ!" ಎನ್ನುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಕೈ ತಪ್ಪಿಲ್ಲವೆಂದು ತಮ್ಮನಿಗೆ ಜಂಬ ಬೇರೆ.

ಒಂದು ಭಾನುವಾರ ಹೀಗೇ ನೆಟಿಗೆ ತೆಗೆಸಿಕೊಂಡು ಹೋದ ಅಣ್ಣ, ಮರುದಿನ ಎಡಗತ್ತು ನೋವೆಂದು ಬಂದ. ಎಡಗಣ್ಣಿನ ರೆಪ್ಪೆ ಜೋತುಬಿದ್ದಿತ್ತು.

"ಯಾರಿಗೆ ಕಣ್ಣು ಹೊಡೀತಿದ್ದೀಯಾ? ಅತ್ತಿಗೆಗೆ ಹೇಳ್ಲಾ?" ಎಂದು ತಮ್ಮ ನಕ್ಕ. ಕತ್ತು ಉಳುಕಿರಬೇಕೆಂದುಕೊಂಡು ಇನ್ನೊಮ್ಮೆ ತಿರುಗಿಸಿ ಕಳಿಸಿದ.

ಮೂರನೇ ದಿನ ಅಣ್ಣನ ಬಲಗೈ, ಬಲಗಾಲು, ಮಾತು ಎಲ್ಲ ಒಟ್ಟಿಗೇ ಹೋದವು.

"ಕತ್ತಿನ ಎರಡೂ ಪಕ್ಕ ಮೆದುಳಿಗೆ ರಕ್ತ ಒಯ್ಯೋ ದೊಡ್ಡ ನಾಳ ಇರುತ್ತೆ," ಎಂದರು ಡಾಕ್ಟರು. "ಎಡಗಡೆಯದರ ಒಳಪದರ ಹರಿದಿದೆ. ಅಲ್ಲಿ ಹೆಪ್ಪುಗಟ್ಟಿದ ರಕ್ತ ಮೇಲೆ ಹೋಗಿ ಸಿಕ್ಕಿಕೊಂಡಿದೆ. ರೆಪ್ಪೆ ಜೋತುಬಿದ್ದ ದಿನವೇ ಬರಬೇಕಿತ್ತು. ಕತ್ತಿಗೆ ಏನಾದ್ರೂ ಪೆಟ್ಟು ಬಿದ್ದಿತ್ತಾ?"

ಅತ್ತಿಗೆ ಇಲ್ಲವೆಂದು ತಲೆಯಾಡಿಸಿದಳು. ತಮ್ಮ ಎರಡೂ ಕೈಗಳನ್ನು ಜೇಬಿಗಿಳಿಸಿಕೊಂಡ.

ಈಗ ಅವನೇ ವಾರಕ್ಕೊಮ್ಮೆ ಅಣ್ಣನ ಮನೆಗೆ ಹೋಗಿ ಕ್ಷೌರ ಮಾಡುತ್ತಾನೆ. "ಒಡಹುಟ್ಟಿದವನು ಅಂದ್ರೆ ಹೀಗಿರಬೇಕು," ಎಂದು ಅತ್ತಿಗೆ ಬಂದವರೆದುರೆಲ್ಲ ಹೊಗಳುತ್ತಾಳೆ. ನಿನ್ನೆ ಅವನು ಗದ್ದ ಒರೆಸಿ ಟವೆಲ್ ಮಡಿಚುತ್ತಿದ್ದಾಗ, ಅಣ್ಣ ಸೊಟ್ಟ ಬಾಯಲ್ಲೇ ನಕ್ಕ. ಎಡಗೈಯಿಂದ ತಮ್ಮನ ಕೈ ಹಿಡಿದೆಳೆದು, ತನ್ನ ಗದ್ದದ ಕೆಳಗಿಟ್ಟುಕೊಂಡು, ಕಣ್ಣು ಮುಚ್ಚಿ ಕಾಯುತ್ತಾ ಕೂತ.