ಮೂಲೆಯಲ್ಲಿದ್ದ ಸಹಿ

ಹಳೆಯ ತೈಲಚಿತ್ರ ಯಾರದೆಂದು ಗುರುತಿಸುವ ಕೆಲಸವನ್ನು ತಂಗಿಗೆ ಕಲಿಸಿದವಳು ನಾನೇ. ಈಗ ಜನ ಕೇಳಿಕೊಂಡು ಬರುವುದು ಅವಳನ್ನು. ಹೊಟ್ಟೆ ಉರಿಯದೆ ಇರುತ್ತದೆಯೇ?

ಮೊನ್ನೆ ಯಾರೋ ತಂದುಕೊಟ್ಟ, ಹೊಲ, ಹಳ್ಳ, ಮೇಯುವ ಎತ್ತುಗಳಿದ್ದ ಚಿತ್ರವೊಂದನ್ನು ನೋಡಿ, ಅದು ಸಹಿಯಲ್ಲಿದ್ದ ಹೆಸರಾಂತ ಕಲಾವಿದನದೇ ಎಂದುಬಿಟ್ಟಳು. ಅವಳು ಊಟಕ್ಕೆ ಎದ್ದದ್ದೇ ತಡ, ಹತ್ತಿಯನ್ನು ವಾರ್ನಿಶ್ ಕರಗಿಸುವ ದ್ರಾವಣದಲ್ಲಿ ಅದ್ದಿ ಮೂಲೆಯ ಸಹಿಯನ್ನು ಒರೆಸಿದೆ. ಚಿತ್ರದಷ್ಟೇ ಹಳೆಯದಾಗಿದ್ದರೆ ಜಪ್ಪಯ್ಯ ಅಂದರೂ ಹೋಗುತ್ತಿರಲಿಲ್ಲ. ಇದು ಮೇಲಿನ ವಾರ್ನಿಶ್ ಜೊತೆಗೇ ಎದ್ದು ಬಂತು.

ಅವಳು ಬಂದೊಡನೆ ಹತ್ತಿಯನ್ನು ಮುಖಕ್ಕೆ ಹಿಡಿದೆ. "ನೋಡೇ, ನಿನ್ನ ದೊಡ್ಡ ಕಲಾವಿದ!"

"ಸಹಿ ಯಾರೋ ಆಮೇಲೆ ಹಾಕಿದ್ದು, ಗೊತ್ತಿತ್ತು ಕಣಕ್ಕ. ಆದ್ರೆ ಆ ಕಲಾವಿದ ಎಡಚ. ಹುಲ್ಲಿನ ಗೀಟೆಲ್ಲ ಎಡಗೈಲಿ ಎಳೆದ ಹಾಗೆ ಎಡಕ್ಕೆ ವಾಲಿದೆ, ನೋಡು. ಸಹಿ ಬಿಟ್ಟು ಹುಲ್ಲು ನೋಡು ಅಂತ ಹೇಳ್ಕೊಟ್ಟಿದ್ದು ನೀನೇ ಅಲ್ವಾ?"