ಕೊನೆ ಮುಟ್ಟದ ಕಮಲಕ್ಕ

ನವ್ಯಾ ಬರೆಯುವುದನ್ನು ನಿಲ್ಲಿಸುತ್ತೇನೆ ಎಂದಾಗ ನನಗೆ ಸಿಟ್ಟು ಬಂದದ್ದು ಅವಳ ಮೇಲಲ್ಲ, ನಾನೇ ಮಾಡಿದ ಆ್ಯಪ್ ಮೇಲೆ. ಕೊಪ್ಪದಲ್ಲಿ ಅಪ್ಪನ ಮೊಬೈಲ್ ಅಂಗಡಿಯ ಮಹಡಿಯಲ್ಲಿ ಕೂತು, ಆರು ತಿಂಗಳು ತಲೆ ಕೆಡಿಸಿಕೊಂಡು ಕಟ್ಟಿದ ಕಥೆಗಳ ಆ್ಯಪ್ ಅದು. ನವ್ಯಾ ನನ್ನ ಕಾಲೇಜು ಗೆಳತಿ, ಈಗ ಶೃಂಗೇರಿಯ ಶಾಲೆಯೊಂದರಲ್ಲಿ ಟೀಚರ್. ನನ್ನ ಆ್ಯಪಿನಲ್ಲಿ ದಿನಕ್ಕೊಂದು ಪುಟ್ಟ ಕಂತಿನಂತೆ ಧಾರಾವಾಹಿ ಬರೆಯುತ್ತಿದ್ದಳು.

ಓದುವವರು ಪರದೆಯನ್ನು ಎಲ್ಲಿಯವರೆಗೆ ಸರಿಸಿದರು ಎಂದು ಆ್ಯಪ್ ಗಮನಿಸುತ್ತದೆ. ಕೊನೆಯ ಸಾಲು ಕಾಣಿಸಿದರೆ ‘ಓದಿ ಮುಗಿಸಿದರು’ ಎಂದು ದಾಖಲಾಗುತ್ತದೆ. ಸರ್ರನೆ ಕೆಳಗೆ ಎಳೆದು ಹೋಗುವವರು ಲೆಕ್ಕಕ್ಕೆ ಬರಬಾರದಲ್ಲ, ಅದಕ್ಕೇ ಮೊದಲಿನಿಂದ ಕೊನೆಯವರೆಗೆ ಒಂದೇ ಸಲಕ್ಕೆ ಓದಿರಬೇಕು ಎಂಬ ಷರತ್ತನ್ನೂ ಹಾಕಿದ್ದೆ. ಎಂಥಾ ಬುದ್ಧಿವಂತೆ ನಾನು ಎಂದು ಬೀಗಿದ್ದೆ ಬೇರೆ.

ಇಪ್ಪತ್ತೊಂದು ಕಂತುಗಳನ್ನೂ ತಪ್ಪದೆ ತೆರೆದವರು ಒಬ್ಬರೇ: ಕಮಲಕ್ಕ, ಭಂಡಿಗಡಿ. ಆದರೆ ಒಂದು ಸಲವೂ ಅವರು ಕೊನೆ ಮುಟ್ಟಿರಲಿಲ್ಲ. ಪ್ರತಿ ಕಂತಿನಲ್ಲೂ ಕೊನೆಯ ಪ್ಯಾರಾಕ್ಕೆ ಮುಂಚೆ ನಿಂತುಬಿಡುತ್ತಿದ್ದರು.

“ಓದೋರೇ ಒಬ್ರು ಮುಬಶಿರಾ, ಅವರಿಗೂ ಕೊನೆ ತನಕ ತಾಳ್ಮೆ ಇಲ್ಲ,” ಎಂದಳು ನವ್ಯಾ. “ನಾಳೆಯದ್ದು ಹೇಗೂ ಬರೆದಾಗಿದೆ. ಅದೇ ಕೊನೇದು. ಆಮೇಲೆ ಇಲ್ಲ.”

“ಕೋಡ್ ತಪ್ಪಿರಬಹುದು ಮಾರಾಯ್ತಿ, ತಡಿ.”

ಅಂಗಡಿಯ ನಾಲ್ಕು ಫೋನುಗಳಲ್ಲಿ ಪರೀಕ್ಷಿಸಿದೆ. ಕೋಡ್ ಸರಿಯಾಗಿಯೇ ಇತ್ತು. ಅವಳ ಮುಖ ಇನ್ನಷ್ಟು ಸಣ್ಣದಾಯಿತು. ಅವಳ ಕಥೆ ಚೆನ್ನಾಗಿದೆ ಎಂದು ನನಗೆ ಗೊತ್ತು, ಆದರೆ ಗೆಳತಿಯ ಹೊಗಳಿಕೆಯನ್ನು ಯಾರು ನಂಬುತ್ತಾರೆ? ಮರುದಿನ ಶನಿವಾರ, ಶಾಲೆ ಬಿಟ್ಟ ಮೇಲೆ ಸಂಜೆ ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಭಂಡಿಗಡಿಗೆ ಹೊರಟೆ.

ಕಮಲಕ್ಕ ಅಡಿಕೆ ಸುಲಿಸುವ ಗುತ್ತಿಗೆಯವರು. ಶೆಡ್ಡಿನಲ್ಲಿ ಹದಿನಾಲ್ಕು ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುತ್ತಿದ್ದರು. ನಡುವೆ ಸ್ಟೂಲಿನ ಮೇಲೆ ಕಮಲಕ್ಕ, ಮೂಗಿನ ತುದಿಯಲ್ಲಿ ಕನ್ನಡಕ, ಕೈಯಲ್ಲಿ ಫೋನು. ಗಟ್ಟಿಯಾಗಿ ಓದುತ್ತಿದ್ದರು. ನವ್ಯಾಳ ಕಥೆ! ನಾವಿಬ್ಬರೂ ಬಾಗಿಲಲ್ಲೇ ನಿಂತುಬಿಟ್ಟೆವು.

ಕಥೆಯ ಹುಡುಗಿ ಬಸ್ಸಿಳಿದು ಹೋಗಿ ಅಣ್ಣನ ಮನೆಯ ಬಾಗಿಲು ತಟ್ಟಿದಳು. ಒಳಗೆ ಹೆಜ್ಜೆ ಸಪ್ಪಳವಾಯಿತು. ಅಷ್ಟಕ್ಕೆ ಕಮಲಕ್ಕ ಫೋನನ್ನು ಸೊಂಟಕ್ಕೆ ಸಿಕ್ಕಿಸಿದರು.

“ಬಾಗಿಲು ತೆಗೆದದ್ದು ಯಾರು ಕಮಲಕ್ಕ?”

“ನಾಳೆ ಬನ್ನಿ, ಗೊತ್ತಾಗ್ತದೆ.”

“ದಿನಾ ಇದೇ ಗೋಳು ಇವರದ್ದು!”

ನಾನು ಒಳಗೆ ಹೋಗಿ, ಆ್ಯಪ್ ಮಾಡಿದವಳು ನಾನೇ ಎಂದು ಹೇಳಿ, ಕೊನೆಯದನ್ನು ಯಾಕೆ ಓದುವುದಿಲ್ಲ ಎಂದು ಕೇಳಿದೆ.

“ಓದದೆ ಎಂತ? ಬೆಳಿಗ್ಗೆ ಕೆಲಸ ಶುರು ಮಾಡುವಾಗ ಓದ್ತೇನೆ,” ಎಂದರು ಕಮಲಕ್ಕ, ದನಿ ತಗ್ಗಿಸಿ. “ಈಗಲೇ ಓದಿಬಿಟ್ರೆ ಇವರೆಲ್ಲ ನಾಳೆ ಆಚೆ ಶೆಡ್ಡಿಗೆ ಹೋಗ್ತಾರೆ. ಅಲ್ಲಿ ಚಾ ಜೊತೆ ವಡೆ ಕೊಡ್ತಾರಂತೆ. ನನ್ನ ಹತ್ರ ಇರೋದು ಇದೊಂದೇ ಮಾರಾಯ್ತಿ.”

ಮಾರನೆಯ ಬೆಳಿಗ್ಗೆ ಬರೀ ಕೊನೆಯ ಪ್ಯಾರಾ ತೆರೆದರೆ ನನ್ನ ಷರತ್ತು ಅದನ್ನು ಓದಿ ಮುಗಿಸಿದ ಲೆಕ್ಕಕ್ಕೆ ಸೇರಿಸುತ್ತಲೇ ಇರಲಿಲ್ಲ. ನನಗೆ ನಾಚಿಕೆಯಾಯಿತು, ಖುಷಿ ಅದಕ್ಕಿಂತ ಹೆಚ್ಚಾಯಿತು.

“ಕಥೆ ಬರೆಯೋದು ಇವಳೇ,” ಎಂದು ನವ್ಯಾಳನ್ನು ಮುಂದೆ ತಳ್ಳಿದೆ.

ಹದಿನಾಲ್ಕು ಜನರ ಕೈಯೂ ನಿಂತಿತು. ಎಲ್ಲರಿಗಿಂತ ಹಿರಿಯರಾದ ಅನ್ನಪೂರ್ಣಮ್ಮ, “ನೀನಾದ್ರೂ ಹೇಳಿಬಿಡು ತಾಯಿ, ಬಾಗಿಲು ತೆಗೆದದ್ದು ಯಾರು?” ಎಂದು ಕೇಳಿದರು.

ನವ್ಯಾಳ ಕಣ್ಣು ತುಂಬಿತ್ತು. ಅನ್ನಪೂರ್ಣಮ್ಮನವರ ಬೆನ್ನ ಹಿಂದೆ ನಿಂತ ಕಮಲಕ್ಕ ಬೇಡ ಬೇಡ ಎಂದು ಎರಡೂ ಕೈ ಆಡಿಸುತ್ತಿದ್ದರು.

“ನಾಳೆ,” ಎಂದಳು ನವ್ಯಾ.

ಶೆಡ್ಡಿಗೆ ಶೆಡ್ಡೇ ಅವಳನ್ನು ಬೈಯಿತು. ಅಷ್ಟು ಸಂತೋಷದಿಂದ ಬೈಸಿಕೊಂಡವರನ್ನು ನಾನು ನೋಡಿಲ್ಲ. ಚಾ ಕುಡಿದು ಹೊರಗೆ ಬಂದು ಸ್ಕೂಟರ್ ಏರಿದವಳೇ ನನ್ನ ಹೆಗಲು ತಟ್ಟಿದಳು.

“ಬೇಗ ಓಡಿಸು ಮಾರಾಯ್ತಿ, ನಾಳೆ ಸಂಜೆಗೆ ಇನ್ನೂ ಒಂದಕ್ಷರ ಬರೆದಿಲ್ಲ.”